ನೆತ್ತಿಯ ಮೇಲೆ ಹಾದಿ, ತಪ್ಪಲಲ್ಲಿ ಬಿಡಾರ

ಕುಂದಗೋಳ ತಾಲ್ಲೂಕಿನ ಕುಬಿಹಾಳದ ಎರೆ ಹೊಲದಲ್ಲಿ ನಿಂತವನಿಗೆ ಬೆಟ್ಟವೆಂಬುದು ಪರವೂರಿನ ಮಾತಾಗಿ ತೋರುವುದು ಸಹಜ. ಈ ಭಾಗದ ತರುಣರು ಹಲವು ದಿನಗಳ ಚಾರಣವನ್ನು ಯೋಚಿಸಿದೊಡನೆ ಕುದುರೆಮುಖದ ಕಡೆಗೋ ಕುಮಾರಪರ್ವತದ ಕಡೆಗೋ ಮುಖ ಮಾಡುತ್ತಾರೆ. ಆದರೆ ಪೂರ್ವಕ್ಕೆ ಲಕ್ಷ್ಮೇಶ್ವರ, ಶಿರಹಟ್ಟಿಗಳನ್ನು ದಾಟಿದರೆ ಕಪ್ಪತಗುಡ್ಡವಿದೆ. ಗದಗ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ 60 ಕಿ.ಮೀ.ಗೂ ಮಿಕ್ಕಿ ಹಬ್ಬಿರುವ ಈ ಸಾಲಿನ ಉದ್ದಕ್ಕೂ ನಡೆಯುವ ಆಸೆ ಸ್ತುತ್ಯವೇ. ಹೇಗೆ ನಡೆಯಬೇಕು ಎಂಬುದು ಮಾತ್ರ ವಿಚಾರಿಸತಕ್ಕ ವಿಷಯ.

ಈ ಗುಡ್ಡ ಉಳಿದುಕೊಂಡದ್ದು ಅನಾಯಾಸವಾಗಿ ಅಲ್ಲ. 2015ರ ಡಿಸೆಂಬರಿನಲ್ಲಿ ದೊರೆತ ಸಂರಕ್ಷಣಾ ಮೀಸಲಿನ ಸ್ಥಾನವನ್ನು ಸರ್ಕಾರ ಮರುವರ್ಷವೇ ಹಿಂತೆಗೆದುಕೊಂಡಿತು. ಮಣ್ಣಿನಡಿಯ ಚಿನ್ನ ಮತ್ತು ಅದಿರಿನ ಮೇಲೆ ಯಾರ ಕಣ್ಣಿತ್ತೆಂಬುದು ಗದಗ ಸೀಮೆಗೆ ತಿಳಿದದ್ದೇ. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಧರಣಿ ಕುಳಿತರು. ಏಪ್ರಿಲಿನಲ್ಲಿ ಸ್ಥಾನ ಮರಳಿತು. 2019ರಲ್ಲಿ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡಕುರಿಗಳ ಈ ನೆಲೆಯನ್ನು ಹೋರಾಡಿ ಉಳಿಸಿದವರು ತಪ್ಪಲಿನ ಜನ; ನೋಡಲು ಬರುವವರು ಅದನ್ನು ಮರೆಯಬಾರದು.

ಆದುದರಿಂದ ನೆತ್ತಿಯ ಮೇಲೆ ಡೇರೆ ಹಾಕಿ, ಒಲೆ ಹೂಡಿ, ತುದಿಯಿಂದ ತುದಿಗೆ ಒಂದೇ ಬೀಸಿಗೆ ಸಾಗುವ ಯೋಜನೆ ಈ ಗುಡ್ಡಕ್ಕೆ ಸಲ್ಲದು. ಧಾಮದೊಳಗೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಮಳೆ ನಿಂತ ಮೇಲೆ ಇಲ್ಲಿನ ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಬೇಸಗೆಯಲ್ಲಿ ಒಂದು ಬೀಡಿತುಂಡು ಸಾಕು, ಇಡೀ ಓರೆ ಕರಿಯಾಗಲು. ನೀರೂ ಮೇಲೆ ಸಿಗದು. ಗುಡ್ಡ ಕುಡಿದ ಮಳೆ ತಪ್ಪಲಿನ ಹಳ್ಳ, ಕೆರೆ, ಬಾವಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಡೀ ಸಾಲಿಗೆ ಬೇಕಾಗುವಷ್ಟು ನೀರನ್ನು ಬೆನ್ನ ಮೇಲೆ ಹೊತ್ತು ಐದು ದಿನ ನಡೆಯುವೆನೆಂಬುದು ಶೌರ್ಯವಲ್ಲ, ಲೆಕ್ಕ ತಪ್ಪಿದ ಮಾತು.

ಬೆಳಗ್ಗೆ ಏರಿ, ಹಗಲೆಲ್ಲ ನೆತ್ತಿಯಲ್ಲಿ ನಡೆದು, ಹೊತ್ತು ಮುಳುಗುವ ಮೊದಲು ಡೋಣಿಯಂಥ, ಕಡಕೋಳದಂಥ ಊರಿಗೆ ಇಳಿದು ಶಾಲೆಯಲ್ಲೋ ಗುಡಿಯಲ್ಲೋ ತಂಗುವುದು ಲೇಸು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗೆ ಒಲೆಯೂ ಬೇಡ. ಕುರಿಗಾರರಿಗೆ ಕಾಲುದಾರಿಗಳೂ ಒರತೆಗಳೂ ಗೊತ್ತು. ಧಾಮವಾದ ಬಳಿಕ ಮೇವಿನ ಬಗ್ಗೆ ಅವರಿಗಿರುವ ಅಳಲೂ ಇದೆ. ಅದನ್ನು ಕೇಳಿಸಿಕೊಳ್ಳದೆ ಸಂರಕ್ಷಣೆಯ ಭಾಷಣ ಮಾಡಿ ಬರುವ ಚಾರಣದಿಂದ ಗುಡ್ಡಕ್ಕೆ ವೈರಿಗಳೇ ಹೆಚ್ಚುತ್ತಾರೆ. ಗಾಳಿಯಂತ್ರಗಳಿಗಾಗಿ ಗುಡ್ಡಗಳ ಮೇಲೆ ಕಡಿದ ರಸ್ತೆಗಳನ್ನು, ಅವುಗಳ ಅಂಚಿನಲ್ಲಿ ಮಣ್ಣು ಕೊಚ್ಚಿಹೋದ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟುಕೊಂಡರೆ ಅದೂ ಒಂದು ಕೆಲಸ.

1987ರ ನವೆಂಬರ್ 1ರಂದು ಕನ್ಯಾಕುಮಾರಿಯಿಂದ ಒಂದು, ಮಹಾರಾಷ್ಟ್ರದ ನವಾಪುರದಿಂದ ಇನ್ನೊಂದು ತಂಡ ಹೊರಟು, 1988ರ ಫೆಬ್ರುವರಿಯಲ್ಲಿ ಗೋವೆಯಲ್ಲಿ ಕೂಡಿದ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆಯನ್ನು ಇಂದಿಗೂ ನೆನೆಯುವುದು ಎಷ್ಟು ಶಿಖರ ಏರಿದರೆಂಬುದಕ್ಕಲ್ಲ, ದಾರಿಯುದ್ದಕ್ಕೂ ಊರವರೊಡನೆ ಕುಳಿತು ಮಾತಾಡಿದ್ದಕ್ಕೆ.

ಮಳೆ ನಿಂತು ಹುಲ್ಲು ಇನ್ನೂ ಹಸಿಯಾಗಿರುವ ಅಕ್ಟೋಬರ್–ನವೆಂಬರ್ ಈ ನಡಿಗೆಗೆ ತಕ್ಕ ಕಾಲ. ಧಾಮ ಪ್ರವೇಶಕ್ಕೆ ಅನುಮತಿ ಬೇಕಾದ್ದರಿಂದ, ಹೆಸರು, ದಾರಿ, ತಂಗುವ ಊರುಗಳನ್ನು ನಮೂದಿಸಿದ ಅರ್ಜಿ ಮಳೆಗಾಲದಲ್ಲೇ ಗದಗದ ಅರಣ್ಯ ಕಚೇರಿಗೆ ತಲುಪಿರಬೇಕು. ತಂಡ ಹತ್ತು ಜನರಿಗೆ ಮೀರದಿರಲಿ. ಅನುಮತಿ ದೊರೆಯದಿದ್ದರೆ ಕದ್ದು ಏರುವುದು ಬೇಡ. ತಪ್ಪಲಿನಲ್ಲಿ ಊರಿಂದ ಊರಿಗೆ ನಡೆಯಬಹುದು. ಡಂಬಳದ ಕೆರೆಯೂ ದೊಡ್ಡಬಸಪ್ಪನ ಗುಡಿಯೂ ಇರುವುದು ಆ ಕೆಳಗಿನ ಹಾದಿಯಲ್ಲೇ.