ನ್ಯಾಸವೋ, ನ್ಯಾಸಾಪಹಾರವೋ?

ಅನುಕೂಲಸ್ಥ ಜೈನ ಮನೆತನಗಳಲ್ಲಿ ಹಿರಿಯರು ತಮ್ಮ ಜೀವಿತಕಾಲದಲ್ಲಿಯೇ ಮನೆ, ಜಮೀನು, ಷೇರು, ಠೇವಣಿಗಳನ್ನು ಕುಟುಂಬದ ಟ್ರಸ್ಟ್ ಒಂದಕ್ಕೆ ವಹಿಸಿಕೊಡುವ ಪದ್ಧತಿ ಈಚೆಗೆ ರೂಢಿಗೆ ಬರುತ್ತಿದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮೂಲಕ 'ಲಿವಿಂಗ್ ಟ್ರಸ್ಟ್' ಎಂಬ ಹೆಸರೂ ಮನೆಮನೆಗೆ ತಲುಪಿದೆ. ಆ ದೇಶದಲ್ಲಿ ಅದರ ಮುಖ್ಯ ಪ್ರಯೋಜನವೆಂದರೆ, ಮರಣಾನಂತರ ಉಯಿಲನ್ನು ನ್ಯಾಯಾಲಯದಲ್ಲಿ ಸ್ಥಿರೀಕರಿಸುವ ದೀರ್ಘ ವ್ಯವಹಾರ ತಪ್ಪುವುದು. ಭಾರತದಲ್ಲಿ ಇದೇ ಕಾರ್ಯವನ್ನು 1882ರ ಭಾರತೀಯ ನ್ಯಾಸ ಅಧಿನಿಯಮದ ಅಡಿಯಲ್ಲಿ ಖಾಸಗಿ ಟ್ರಸ್ಟ್ ಆಗಿ ನೆರವೇರಿಸಲಾಗುತ್ತದೆ. ಇದನ್ನು ಕೆಲವರು ಅಪರಿಗ್ರಹ ವ್ರತದ ಆಧುನಿಕ ಆಚರಣೆಯೆಂದು ಕೊಂಡಾಡುತ್ತಿರುವುದು ಮಾತ್ರ ವಿಚಾರಾರ್ಹವಾಗಿದೆ. ಪ್ರಶಂಸೆ ಸಲ್ಲಬೇಕಾದುದು ಪತ್ರದ ಹೆಸರಿಗಲ್ಲ, ಅದರೊಳಗಿನ ಬರಹಕ್ಕೆ.

ಮೊದಲಿಗೆ ಒಂದು ಮಾತನ್ನು ಒಪ್ಪಬೇಕು. ಏನನ್ನೂ ಬರೆದಿಡದೆ ಕಣ್ಣುಮುಚ್ಚುವುದು ಧರ್ಮವೂ ಅಲ್ಲ, ವಿವೇಕವೂ ಅಲ್ಲ. ಸಲ್ಲೇಖನ ವ್ರತವನ್ನು ಪರಮಾದರ್ಶವೆಂದು ಗೌರವಿಸುವ ಸಮಾಜದಲ್ಲಿ, ಮರಣದ ಮಾತೆತ್ತಿದರೆ ಅಪಶಕುನವೆಂದು ಬಾಯಿ ಮುಚ್ಚಿಸುವ ಹಿರಿಯರಿರುವುದು ವಿಪರ್ಯಾಸವೇ ಸರಿ. ಅಂಥವರು ಬಿಟ್ಟುಹೋದ ಆಸ್ತಿಗಾಗಿ ಸಹೋದರರು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಪರ್ಯೂಷಣದಲ್ಲಿ ಕ್ಷಮೆ ಕೋರುವ ಕೈಗಳೇ ಮರುದಿನ ವಕಾಲತ್ತಿಗೆ ಸಹಿ ಹಾಕುತ್ತವೆ. ಆದ್ದರಿಂದ ಬದುಕಿರುವಾಗಲೇ ಆಸ್ತಿಯ ವ್ಯವಸ್ಥೆ ಮಾಡುವುದು ಸರ್ವಥಾ ಸ್ತುತ್ಯ. ವ್ಯವಸ್ಥೆ ಎಂಥದು ಎಂಬುದಷ್ಟೇ ಉಳಿದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಹೊರಗಿನಿಂದ ತರಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಜಿನಸೇನಾಚಾರ್ಯರು ರಚಿಸಿದ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಗೃಹಸ್ಥನ 53 ಗರ್ಭಾನ್ವಯ ಕ್ರಿಯೆಗಳ ನಿರೂಪಣೆಯಿದೆ. ಅವುಗಳಲ್ಲಿ ಒಂದು ಗೃಹತ್ಯಾಗ. ಮನೆ ಬಿಡಲು ನಿಶ್ಚಯಿಸಿದ ಗೃಹಸ್ಥನು ಬಲ್ಲವರ ಸಮ್ಮುಖದಲ್ಲಿ ಹಿರಿಯ ಮಗನನ್ನು ಕರೆದು ಮನೆತನದ ಭಾರವನ್ನು ಒಪ್ಪಿಸುತ್ತಾನೆ. ಸಂಪತ್ತನ್ನು ಮೂರು ಭಾಗ ಮಾಡುತ್ತಾನೆ: ಒಂದು ಧರ್ಮಕಾರ್ಯಕ್ಕೆ, ಒಂದು ಗೃಹಕೃತ್ಯದ ವೆಚ್ಚಕ್ಕೆ, ಮೂರನೆಯದು ಆ ಮಗನ ಒಡಹುಟ್ಟಿದವರಲ್ಲಿ ಹಂಚಲು. ಈ ಹಂಚಿಕೆಯಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಿಗೆ ಸಮನಾದ ಪಾಲಿಗೆ ಅರ್ಹರು ಎಂದು ಆಚಾರ್ಯರು ಸ್ಪಷ್ಟವಾಗಿ ವಿಧಿಸಿದ್ದಾರೆ. ಇಷ್ಟಾದ ಮೇಲೆ ತಂದೆ ಮನೆಯಿಂದ ಹೊರಡುತ್ತಾನೆ.

ಜೀವಿತಕಾಲದ ಟ್ರಸ್ಟ್‌ಗೆ ಇದಕ್ಕಿಂತ ಉತ್ತಮವಾದ ಮಾದರಿ ಬೇಕೆ? ಬದುಕಿರುವಾಗಲೇ ಕೊಡುವುದು, ಬಹಿರಂಗವಾಗಿ ಕೊಡುವುದು, ಸಮನಾಗಿ ಕೊಡುವುದು, ಕೊಟ್ಟ ಮೇಲೆ ಬಿಡುವುದು: ಗೃಹತ್ಯಾಗಕ್ಕೆ ಈ ನಾಲ್ಕು ಲಕ್ಷಣಗಳು. ಇಂದು ಬರೆಯಲ್ಪಡುವ ಎಷ್ಟೋ ನ್ಯಾಸಪತ್ರಗಳು ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಮೂರನ್ನೂ ತೊರೆದಿವೆ.

ಅಂತಹ ಪತ್ರದ ಸ್ವರೂಪ ಬಲ್ಲವರಿಗೆ ಪರಿಚಿತವೇ. ತಂದೆ ಕರ್ತೃ, ಹಿರಿಯ ಮಗ ಟ್ರಸ್ಟಿ. ಫಲಾನುಭವಿಗಳು ಗಂಡುಮಕ್ಕಳು ಹಾಗೂ ಅವರ ಗಂಡುಸಂತಾನ. ಹೆಣ್ಣುಮಕ್ಕಳ ವಿಷಯದಲ್ಲಿ ಒಂದೇ ವಾಕ್ಯ: ವಿವಾಹ ಕಾಲದಲ್ಲಿ ಅವರ ಪಾಲು ಸಂದಾಯವಾಗಿದೆ. ಹೆಂಡತಿಯ ವಿಷಯದಲ್ಲಿ ಮತ್ತೊಂದು ವಾಕ್ಯ: ಟ್ರಸ್ಟಿಗಳು ಉಚಿತವೆಂದು ತಿಳಿದಷ್ಟನ್ನು ಆಕೆಯ ಪೋಷಣೆಗೆ ಕೊಡತಕ್ಕದ್ದು. ನಲವತ್ತು ವರ್ಷ ಮನೆ ನಡೆಸಿದ ತಾಯಿ ಔಷಧದ ಹಣಕ್ಕಾಗಿ ಮಗನ ಔಚಿತ್ಯಪ್ರಜ್ಞೆಯನ್ನು ಕಾಯುವಂತೆ ಮಾಡುವ ಈ ವಾಕ್ಯವನ್ನು ಬರೆಸಿದವನು ಅಂದು ಬೆಳಿಗ್ಗೆ ಅಭಿಷೇಕ ಮಾಡಿ ಬಂದಿದ್ದರೂ, ಅದು ಹಿಂಸೆಯೇ.

ಕಾನೂನಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಪುರುಷನೊಬ್ಬನು ಏನನ್ನೂ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲು ಪಡೆಯುತ್ತಾರೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು, ಆದರೆ ಅದಕ್ಕೆ ಮೊದಲೇ ವಿವಾಹವಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ವಾದವನ್ನೂ ತಳ್ಳಿಹಾಕಿತು. ಹೀಗಿರುವಾಗ, ಏನನ್ನೂ ಬರೆಯದಿದ್ದರೆ ಮಗಳಿಗೆ ಸಲ್ಲುತ್ತಿದ್ದುದನ್ನು ಬರೆದು ಕಸಿಯಲಾಗುತ್ತಿದೆ. ಅಂತಹ ನ್ಯಾಸಪತ್ರವನ್ನು ಬರೆಸಿದ ತಂದೆಯು, ಅಲಕ್ಷ್ಯದಿಂದ ಏನನ್ನೂ ಬರೆಯದೆ ಹೋದ ತಂದೆಗಿಂತ ಹೆಚ್ಚಿನ ಅನ್ಯಾಯ ಮಾಡಿದಂತಾಯಿತು.

ಸ್ವಯಾರ್ಜಿತವನ್ನು ತನಗಿಷ್ಟ ಬಂದವರಿಗೆ ಕೊಡುವ ಅಧಿಕಾರ ಕಾನೂನಿನಲ್ಲಿ ಇದೆ, ನಿಜ. ಆದರೆ ಅವಿಭಕ್ತ ಕುಟುಂಬದ ಆಸ್ತಿಯನ್ನು ಹಾಗೆ ಕೊಡಲಾಗದು. 2022ರಲ್ಲಿ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇವಲ ಪ್ರೀತಿವಿಶ್ವಾಸದಿಂದ ಅವಿಭಕ್ತ ಆಸ್ತಿಯನ್ನು ದಾನ ಕೊಡುವುದು ಧರ್ಮಾರ್ಥ ದಾನವೆನಿಸದೆಂದೂ, ಉಳಿದ ಪಾಲುದಾರರ ಒಪ್ಪಿಗೆಯಿಲ್ಲದ ಅಂತಹ ದಾನ ನಿಲ್ಲದೆಂದೂ ತೀರ್ಪಿತ್ತಿದೆ. ಪಿತ್ರಾರ್ಜಿತವನ್ನು ಸ್ವಯಾರ್ಜಿತವೆಂದು ಬರೆದು ಟ್ರಸ್ಟ್‌ಗೆ ಸೇರಿಸಿದವರ ಪತ್ರಗಳು ಎಂದಾದರೂ ಮಗಳೊಬ್ಬಳ ದಾವೆಯಲ್ಲಿ ಕುಸಿಯುವುದು ನಿಶ್ಚಿತ.

ಕಾನೂನಿಗಿಂತಲೂ ಕಠಿನವಾದ ಮಾತು ಶಾಸ್ತ್ರದಲ್ಲಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ, ಕೂಟಲೇಖಕ್ರಿಯೆ ಹಾಗೂ ನ್ಯಾಸಾಪಹಾರ ಎಂಬ ಎರಡನ್ನು ಸೇರಿಸಿದ್ದಾರೆ. ಸುಳ್ಳು ಬರಹವನ್ನು ಸೃಷ್ಟಿಸುವುದು ಮೊದಲನೆಯದು; ನಂಬಿ ಇಟ್ಟ ಒಡವೆಯನ್ನು ನುಂಗುವುದು ಎರಡನೆಯದು. ಇವು ಕಳ್ಳತನದ ಪ್ರಕರಣದಲ್ಲಿ ಬಾರದೆ ಅಸತ್ಯದ ಪ್ರಕರಣದಲ್ಲಿ ಬಂದಿರುವುದು ಗಮನಾರ್ಹ. ವಿವಾಹದಲ್ಲಿ ಕೊಟ್ಟ ನಾಲ್ಕು ಒಡವೆಗಳನ್ನು ಮಗಳ ಪಾಲೆಂದು ಬರೆಯುವುದು ಕೂಟಲೇಖವಲ್ಲದೆ ಮತ್ತೇನು? ತಂಗಿಯರ ಹೆಸರಿನಲ್ಲಿ ಒಪ್ಪಿಸಿದ ಹಣದ ಲೆಕ್ಕವನ್ನು ಅವರಿಗೆ ತೋರಿಸದ ಅಣ್ಣನ ನಡತೆ ನ್ಯಾಸಾಪಹಾರವಲ್ಲದೆ ಮತ್ತೇನು? ವ್ಯಾಪಾರ ಮುಳುಗುವುದು ಖಚಿತವಾದ ಮೇಲೆ, ಸಾಲ ಕೊಟ್ಟವರ ಕೈಗೆ ಸಿಗದಂತೆ ಮನೆಯನ್ನು ಟ್ರಸ್ಟ್‌ಗೆ ಬರೆಯುವುದೂ ಇದೇ ಸಾಲಿಗೆ ಸೇರುತ್ತದೆ.

ನಾಲ್ಕನೆಯ ಲಕ್ಷಣವಾದ ಬಿಡುಗಡೆಯನ್ನು ನೋಡಿದರೆ ಸ್ಥಿತಿ ಇನ್ನೂ ಶೋಚನೀಯ. ನ್ಯಾಸಪತ್ರದಲ್ಲಿ ರದ್ದತಿಯ ಅಧಿಕಾರವನ್ನು ಸ್ಪಷ್ಟವಾಗಿ ಕಾಯ್ದಿರಿಸಿಕೊಂಡರೆ ಕರ್ತೃವು ಕೊಟ್ಟುದನ್ನು ಹಿಂಪಡೆಯಬಹುದು. ತೆರಿಗೆ ಶಾಸನ ಇದರ ಸೂಕ್ಷ್ಮವನ್ನು ಬಲ್ಲದು: ಹಿಂಪಡೆಯಬಹುದಾದ ಟ್ರಸ್ಟ್‌ನ ವರಮಾನವನ್ನು ಅದು ಕೊಟ್ಟವನ ವರಮಾನವೆಂದೇ ಎಣಿಸುತ್ತದೆ. ತೆರಿಗೆ ಅಧಿಕಾರಿಗೆ ತಿಳಿದ ಸತ್ಯ ಶ್ರಾವಕನಿಗೆ ತಿಳಿಯದೆ ಹೋಗಬಾರದು. ಪರಿಗ್ರಹವು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಣ ಮೂರ್ಛೆಯಲ್ಲಿದೆ ಎಂಬುದು ಜೈನ ಬಾಲಕರಿಗೂ ಕಲಿಸುವ ಪಾಠ. ಪತ್ರದಲ್ಲಿ ಒಡೆತನ ಬದಲಾಗಿ ಮನಸ್ಸಿನಲ್ಲಿ ಬದಲಾಗದಿದ್ದರೆ ಪರಿಗ್ರಹ ಪರಿಮಾಣ ವ್ರತಕ್ಕೆ ಅದರಿಂದ ಎಳ್ಳಷ್ಟೂ ಬಲ ಬಾರದು.

ಇದಕ್ಕೆ ಹಿರಿಯರು ಕೊಡುವ ಉತ್ತರ ಹಗುರವಾದುದಲ್ಲ. ಎಲ್ಲವನ್ನೂ ಬಿಟ್ಟುಕೊಟ್ಟ ಮೇಲೆ ಮಕ್ಕಳು ಕೈಬಿಟ್ಟರೆ ಗತಿಯೇನು ಎಂದು ಅವರು ಕೇಳುತ್ತಾರೆ. ಪುರಾಣದ ಗೃಹಸ್ಥನು ವನಕ್ಕೆ ಹೋದ. ಇಂದಿನ ವೃದ್ಧನು ಅದೇ ಮನೆಯ ಒಂದು ಕೋಣೆಯಲ್ಲಿ ಬಾಳಬೇಕು. ಈ ಭಯ ನ್ಯಾಯವಾದುದೇ. ಆದರೆ ಇದಕ್ಕೆ ಪರಿಹಾರ ಗೋಪ್ಯವೂ ಅಲ್ಲ, ಸರ್ವಾಧಿಕಾರವೂ ಅಲ್ಲ. ಕರ್ತೃವು ತನಗೂ ತನ್ನ ಪತ್ನಿಗೂ ಜೀವಾವಧಿ ವಾಸದ ಹಕ್ಕನ್ನು, ಪ್ರತಿ ತಿಂಗಳು ಸಲ್ಲಬೇಕಾದ ನಿಶ್ಚಿತ ಮೊತ್ತವನ್ನು, ಚಿಕಿತ್ಸೆಯ ವೆಚ್ಚವನ್ನು ಪತ್ರದಲ್ಲಿಯೇ ಹಕ್ಕಾಗಿ ನಮೂದಿಸಬಹುದು. ಆಸ್ತಿಯನ್ನು ನೇರವಾಗಿ ಮಕ್ಕಳಿಗೆ ವರ್ಗಾಯಿಸುವವರಿಗೂ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮದ ರಕ್ಷಣೆಯಿದೆ. ಪೋಷಣೆಯ ಷರತ್ತನ್ನು ಪತ್ರದಲ್ಲಿ ಬರೆದಿದ್ದು, ಮಕ್ಕಳು ಅದನ್ನು ಮೀರಿದರೆ, ವರ್ಗಾವಣೆಯನ್ನು ಅಸಿಂಧುಗೊಳಿಸಲು ಅವಕಾಶವಿದೆ. ಭಯವಿರುವಷ್ಟು ಕಾಲ ರದ್ದತಿಯ ಅಧಿಕಾರವನ್ನು ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಆದರೆ ಅದನ್ನು ತ್ಯಾಗವೆಂದು ಕರೆದು ಸಭೆಗಳಲ್ಲಿ ಶಾಲು ಹೊದಿಸಿಕೊಳ್ಳದಿರಲಿ.

ಬಸದಿಗಳ ಟ್ರಸ್ಟ್‌ಗಳಿಗೂ ಈ ವಿಚಾರ ಹೊರತಲ್ಲ. 1882ರ ಅಧಿನಿಯಮವು ಧಾರ್ಮಿಕ ದತ್ತಿಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದರ ನೀತಿ ಅವುಗಳಿಗೆ ಹೊರಗಿನದಲ್ಲ. ರೋಗಶಯ್ಯೆಯಲ್ಲಿರುವ ಸಿರಿವಂತರ ಮನೆಗೆ ರಸೀತಿ ಪುಸ್ತಕದೊಡನೆ ಹೋಗುವ ಆಡಳಿತ ಮಂಡಳಿಗಳು, ಬಂದ ದಾನವು ಯಾರ ಪಾಲಿನಿಂದ ಬಂದಿತೆಂದು ಎಂದಾದರೂ ಕೇಳಿವೆಯೇ? ಜಿನಸೇನರು ಧರ್ಮಕ್ಕೆ ಮೀಸಲಿಟ್ಟದ್ದು ಮೂರರಲ್ಲಿ ಒಂದು ಭಾಗ. ವಿಧವೆಯ ಅನ್ನವನ್ನೂ ಮಗಳ ಪಾಲನ್ನೂ ನುಂಗಿ ಬಂದ ಹಣದಿಂದ ಏರಿದ ಮಾನಸ್ತಂಭ ಎಷ್ಟೇ ಎತ್ತರವಾಗಿದ್ದರೂ ಅದರ ಬುಡದಲ್ಲಿ ಅದತ್ತಾದಾನದ ದೋಷವಿದೆ. ದೊಡ್ಡ ದಾನವನ್ನು ಸ್ವೀಕರಿಸುವ ಮುನ್ನ ದಾನಿಯ ಪತ್ನಿಗೆ ಹಾಗೂ ಎಲ್ಲ ಮಕ್ಕಳಿಗೆ ವಿಷಯ ತಿಳಿದಿದೆಯೇ ಎಂದು ವಿಚಾರಿಸುವ ನಿಯಮವನ್ನು ಪ್ರತಿಯೊಂದು ಬಸದಿಯ ಮಂಡಳಿ ಮಾಡಿಕೊಳ್ಳಬೇಕು. ಇದರಿಂದ ಕೆಲವು ದಾನಗಳು ಕಡಿಮೆಯಾಗಬಹುದು. ಉಳಿದ ದಾನಗಳು ಶುದ್ಧವಾಗುವುವು.

ಕನ್ನಡ ನಾಡಿನ ದಾನಪರಂಪರೆ ಗೋಪ್ಯವನ್ನು ಅರಿಯದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು, ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದುದು ತಾನು ಬದುಕಿದ್ದಾಗ. ಈ ನಾಡಿನ ದಾನಶಾಸನಗಳು ಕೊಟ್ಟ ಭೂಮಿಯ ಎಲ್ಲೆಗಳನ್ನು ಊರೆಲ್ಲ ಓದುವಂತೆ ಕಲ್ಲಿನಲ್ಲಿ ಬರೆದವು. ಇಂದಿನ ನ್ಯಾಸಪತ್ರವು ಲಾಕರಿನಲ್ಲಿ ಅಡಗಿ, ತಂದೆ ತೀರಿಕೊಂಡ ಹದಿಮೂರನೆಯ ದಿನ ಹೊರಬಂದು ಮಗಳನ್ನು ಬೆಚ್ಚಿಬೀಳಿಸುತ್ತದೆ.

ನ್ಯಾಯವಾದ ಪತ್ರ ಬರೆಯುವುದು ಕಷ್ಟವಲ್ಲ. ಸ್ಥಿರಾಸ್ತಿ ಇದ್ದರೆ ಅದು ಲಿಖಿತವಾಗಿ, ನೋಂದಣಿಯಾಗಿರಬೇಕು. ಉದ್ದೇಶ, ಫಲಾನುಭವಿಗಳು, ಆಸ್ತಿ ಇವು ಸಂದೇಹಕ್ಕೆಡೆಯಿಲ್ಲದಂತೆ ನಮೂದಾಗಿರಬೇಕು. ಇದು ಕಾನೂನಿನ ಅಪೇಕ್ಷೆ. ಸಹಿಗೆ ಮುನ್ನ ಪತ್ನಿ ಹಾಗೂ ಎಲ್ಲ ಮಕ್ಕಳ ಸಮ್ಮುಖದಲ್ಲಿ ಅದನ್ನು ಓದಿಸಬೇಕು. ಟ್ರಸ್ಟಿಗಳಲ್ಲಿ ಮಗಳೊಬ್ಬಳಾದರೂ ಇರಬೇಕು. ಪತ್ನಿಯ ಪೋಷಣೆ ಟ್ರಸ್ಟಿಗಳ ಮರ್ಜಿಯಾಗದೆ ಆಕೆಯ ಹಕ್ಕಾಗಿರಬೇಕು. ವರ್ಷಕ್ಕೊಮ್ಮೆ ಲೆಕ್ಕಪತ್ರ ಎಲ್ಲರ ಕೈಸೇರಬೇಕು. ಇದು ಧರ್ಮದ ಅಪೇಕ್ಷೆ. ಪತ್ರವನ್ನೂ ಲೆಕ್ಕಗಳನ್ನೂ ನೋಡಿ ನಕಲು ಪಡೆಯುವ ಹಕ್ಕನ್ನು 1882ರ ಅಧಿನಿಯಮವೇ ಫಲಾನುಭವಿಗೆ ಕೊಟ್ಟಿದೆ. ಆ ಹಕ್ಕನ್ನು ಚಲಾಯಿಸಿದ ಸೊಸೆಯನ್ನಾಗಲಿ ಮಗಳನ್ನಾಗಲಿ ಮನೆಮುರುಕಿಯೆಂದು ಜರೆಯುವ ಚಾಳಿಯನ್ನು ಸಮಾಜ ಬಿಡಬೇಕು.

ಭಾರತದಲ್ಲಿ ಮರಣಾನಂತರದ ಎಸ್ಟೇಟ್ ಸುಂಕ 1985ರಲ್ಲಿಯೇ ರದ್ದಾಯಿತು. ಆದ್ದರಿಂದ ಆ ತೆರಿಗೆಯ ಭಯದಿಂದ ಟ್ರಸ್ಟ್ ಮಾಡಬೇಕಾದ ಅಗತ್ಯ ಇಂದಿಲ್ಲ. ಉಳಿದಿರುವ ಕಾರಣಗಳು ಎರಡೇ: ಮನೆಯವರನ್ನು ಕಾಯುವುದು ಒಂದು, ಮನೆಯವರಿಂದ ಆಸ್ತಿಯನ್ನು ಕಾಯುವುದು ಮತ್ತೊಂದು. ಸಹಿ ಹಾಕುವ ಶ್ರಾವಕನು ತನ್ನದು ಯಾವುದೆಂದು ಮೊದಲು ನಿಶ್ಚಯಿಸಲಿ. ಮೊದಲನೆಯದಾದರೆ ಪತ್ರವನ್ನು ಮಗಳ ಕೈಗೆ ಓದಲು ಕೊಡುವುದಕ್ಕೆ ಅವನು ಹಿಂಜರಿಯಬೇಕಾಗಿಲ್ಲ.