ರೈಬೋಸೋಮ್ ಬರೀ ಎರಡು ಉಂಡೆಗಳಲ್ಲ

ಬೋಧನಾಭ್ಯಾಸದಲ್ಲಿ ಪ್ರೋಟೀನ್ ಸಂಶ್ಲೇಷಣೆಯ ಪಾಠ ವೀಕ್ಷಿಸುವಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ರೈಬೋಸೋಮ್ ಪ್ರೋಟೀನ್ ಕಾರ್ಖಾನೆ.' ಹಲಗೆಯ ಮೇಲೆ ಎರಡು ಉಂಡೆ, ನಡುವೆ ಒಂದು ಗೆರೆ. ಎಂ-ಆರ್‌ಎನ್‌ಎ ಸಂದೇಶ ತರುತ್ತದೆ, ಟಿ-ಆರ್‌ಎನ್‌ಎ ಅಮೈನೋ ಆಮ್ಲ ಹೊರುತ್ತದೆ. ಆರ್-ಆರ್‌ಎನ್‌ಎ? 'ರೈಬೋಸೋಮಿನಲ್ಲಿ ಇರುತ್ತದೆ', ಅಷ್ಟೆ. ಕಾರ್ಖಾನೆಯ ಗೋಡೆ ತೋರಿಸಿ ಕೆಲಸಗಾರರನ್ನು ಬಿಟ್ಟಂತಾಯಿತು.

ಬ್ಯಾಕ್ಟೀರಿಯಾದ ರೈಬೋಸೋಮಿನ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಆರ್‌ಎನ್‌ಎ. 2000ದಲ್ಲಿ ಥಾಮಸ್ ಸ್ಟೈಟ್ಜ್ ಮತ್ತು ಪೀಟರ್ ಮೂರ್ ಅವರ ತಂಡ ದೊಡ್ಡ ಉಪಘಟಕದ ರಚನೆಯನ್ನು ಪ್ರಕಟಿಸಿದಾಗ, ಅಮೈನೋ ಆಮ್ಲಗಳನ್ನು ಬೆಸೆಯುವ ಜಾಗದಲ್ಲಿ ಕಂಡದ್ದು ಆರ್‌ಎನ್‌ಎ ಮಾತ್ರ. ಹಾಗಿದ್ದೂ 'ಕಿಣ್ವಗಳೆಲ್ಲ ಪ್ರೋಟೀನ್‌ಗಳು' ಎಂದು ಇಂದಿಗೂ ಟಿಪ್ಪಣಿ ಬರೆಸುತ್ತೇವೆ.

'ಇದು ಪಠ್ಯಕ್ರಮದಾಚೆಯ ವಿಷಯ' ಎನ್ನುವಂತಿಲ್ಲ. ಬ್ಯಾಕ್ಟೀರಿಯಾದ 23ಎಸ್ ಆರ್-ಆರ್‌ಎನ್‌ಎಯೇ ಕಿಣ್ವ ಎಂಬ ಮಾತು ದ್ವಿತೀಯ ಪಿಯು ಪುಸ್ತಕದಲ್ಲೇ ಇದೆ, ಆವರಣದೊಳಗೆ. ಆವರಣದಲ್ಲಿದ್ದುದನ್ನು ನಾವು ಓದಿಸುವುದಿಲ್ಲ, ಅಷ್ಟೆ.

ಸಮಯದ ಮಾತೇ? ಹತ್ತು ನಿಮಿಷ ಸಾಕು. ಕಾಗದದ ಪಟ್ಟಿಯ ಮೇಲೆ ಜಿ-ಜಿ-ಸಿ-ಎ-ಸಿ-ಯು-ಯು-ಸಿ-ಜಿ-ಜಿ-ಯು-ಜಿ-ಸಿ-ಸಿ ಎಂದು ಬರೆಸಿ. ಜಿಗೆ ಸಿ, ಎಗೆ ಯು ಜೋಡಿ ಎಂದು ಹೇಳಿ ಮಡಿಸಲು ಬಿಡಿ. ಐದು ಜೋಡಿಗಳ ಕಾಂಡ, ತುದಿಯಲ್ಲಿ ನಾಲ್ಕಕ್ಷರದ ಕುಣಿಕೆ ಸಿಗುತ್ತದೆ. ಯು-ಯು-ಸಿ-ಜಿ ಕುಣಿಕೆ ರೈಬೋಸೋಮಿನ ಆರ್‌ಎನ್‌ಎಯಲ್ಲಿ ನಿಜಕ್ಕೂ ಕಾಣುವಂಥದ್ದು, ಬಲು ಗಟ್ಟಿ. ಈಗ ಮೂರನೆಯ ಅಕ್ಷರ ಸಿಯನ್ನು ಎ ಮಾಡಿಸಿ; ಜೋಡಿ ಮುರಿಯಿತು. ಕೊನೆಯಿಂದ ಮೂರನೆಯ ಜಿಯನ್ನು ಯು ಮಾಡಿಸಿ, ಮತ್ತೆ ಕೂಡಿತು. ಅಕ್ಷರ ಬದಲಾದರೂ ಮಡಿಕೆ ಉಳಿಯಿತಲ್ಲ! ಬೇರೆ ಬೇರೆ ಜೀವಿಗಳಲ್ಲಿ ಇಂಥ ಜೋಡಿ ಬದಲಾವಣೆಗಳನ್ನು ಹೋಲಿಸಿಯೇ ಕಾರ್ಲ್ ವೋಸ್, ಹ್ಯಾರಿ ನೋಲರ್ ಮತ್ತು ಸಂಗಡಿಗರು 1980ರ ಸುಮಾರಿಗೆ 16ಎಸ್ ಆರ್‌ಎನ್‌ಎಯ ಮಡಿಕೆಗಳನ್ನು ಗುರುತಿಸಿದ್ದು. ಆಗಿನ್ನೂ ರೈಬೋಸೋಮಿನ ಸ್ಫಟಿಕ ರಚನೆ ಬಂದಿರಲಿಲ್ಲ.

ಒಂದು ಎಚ್ಚರಿಕೆ. ಹೈಡ್ರೋಜನ್ ಬಂಧಗಳನ್ನು ಎಣಿಸಿದ ಮಾತ್ರಕ್ಕೆ ಸ್ಥಿರತೆಯ ಪಾಠ ಮುಗಿಯದು. ಜೋಡಿಗಳು ಚಪಾತಿ ಪೇರಿಸಿದಂತೆ ಒಂದರ ಮೇಲೊಂದು ಕೂರುವುದರಿಂದಲೂ ದೊಡ್ಡ ಬಲ ಬರುತ್ತದೆ. ಬೆನ್ನೆಲುಬಿನ ಫಾಸ್ಫೇಟುಗಳು ಋಣಾವೇಶದಿಂದ ಪರಸ್ಪರ ದೂಡುತ್ತವೆ. ಮೆಗ್ನೀಷಿಯಂ ಅಯಾನುಗಳು ಅದನ್ನು ತಣಿಸುತ್ತವೆ. ಮೆಗ್ನೀಷಿಯಂ ತೀರಾ ಕಡಿಮೆಯಾದರೆ ಎರಡು ಉಪಘಟಕಗಳೂ ಬೇರ್ಪಡುತ್ತವೆ. ಕಾಗದದ ಪಟ್ಟಿ ಇದನ್ನು ತೋರಿಸದು, ಶಿಕ್ಷಕರೇ ಹೇಳಬೇಕು.

ಪಾಠಯೋಜನೆಯ ಮೌಲ್ಯಮಾಪನದ ಕಾಲಂನಲ್ಲಿ 'ರೈಬೋಸೋಮ್ ಎಂದರೇನು?' ಎಂಬ ಪ್ರಶ್ನೆ ತೆಗೆದು, 'ನಾಲ್ಕನೆಯ ಅಕ್ಷರ ಬದಲಾದರೆ ಮಡಿಕೆ ಉಳಿಯಲು ಇನ್ನಾವುದು ಬದಲಾಗಬೇಕು?' ಎಂದು ಬರೆದು ನೋಡಿ.