ಆರು ವಾರದ ಅತಿಥಿಗೆ ನಮ್ಮ ಮನೆಯಲ್ಲಿ ಜಾಗ ಇಲ್ಲವೇ?

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮದ್ರಸದ ಮಕ್ಕಳು ಒಂದು ಗೋಣಿಚೀಲ ಹಿಡಿದುಕೊಂಡು ಬಂದರು. ಒಳಗೆ ಆಗಷ್ಟೇ ಕಣ್ಣು ಬಿಟ್ಟ ಮೂರು ಬೆಕ್ಕಿನ ಮರಿಗಳು. ಮೀನು ಮಾರ್ಕೆಟಿನ ಹತ್ತಿರ ತೋಡಿನ ಬದಿಯಲ್ಲಿ ಯಾರೋ ಬಿಟ್ಟು ಹೋಗಿದ್ದರಂತೆ. "ಪಾಠಕ್ಕೆ ಹೊತ್ತಾಯಿತು, ಇದ್ದಲ್ಲೇ ಇಟ್ಟು ಬನ್ನಿ" ಎಂದು ನಾವೇ ಗದರಿಸಿ ಕಳಿಸಿದೆವು. ಮರುದಿನ ಒಂದು ಮರಿ ಸತ್ತಿತ್ತು. ಮೂರನೇ ತರಗತಿಯ ಒಬ್ಬಳು ಹುಡುಗಿ ಕೇಳಿದಳು: "ಉಸ್ತಾದ್, ಬೆಕ್ಕನ್ನು ಕೂಡಿ ಹಾಕಿ ಹಸಿವಿನಿಂದ ಕೊಂದ ಹೆಂಗಸು ನರಕಕ್ಕೆ ಹೋದಳು ಅಂತ ನೀವೇ ಅಲ್ವಾ ಹೇಳಿಕೊಟ್ಟದ್ದು?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಉಳಿದ ಎರಡನ್ನು ಮನೆಗೆ ತಂದೆವು. "ಸಾಕಲಿಕ್ಕಲ್ಲ, ದೊಡ್ಡದಾಗುವವರೆಗೆ ಮಾತ್ರ" ಎಂದು ಮನೆಯವಳಿಗೆ ಮೊದಲೇ ಹೇಳಿದ್ದೆವು. ಪಶುವೈದ್ಯರು ಹೇಳಿದ ಮೊದಲ ಮಾತು, ದನದ ಹಾಲು ಕೊಡಬೇಡಿ, ಭೇದಿ ಹಿಡಿಯುತ್ತದೆ ಎಂದು. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಎರಡು ಮೂರು ಗಂಟೆಗೊಮ್ಮೆ ಕಲಸಿ ಕುಡಿಸಬೇಕು, ರಾತ್ರಿಯೂ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೈ ತಣ್ಣಗಾಗದಂತೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬೇಕು. ಒದ್ದೆ ಹತ್ತಿಯಿಂದ ಒರೆಸಿದರೆ ಮಾತ್ರ ಆ ಪ್ರಾಯದ ಮರಿಗಳು ಮೂತ್ರ ಮಾಡುತ್ತವೆ. ಇಷ್ಟೆಲ್ಲ ನಮಗೆ ಗೊತ್ತೇ ಇರಲಿಲ್ಲ. ನಾಲ್ಕು ವಾರವಾದ ಮೇಲೆ ಮೆತ್ತಗಿನ ಆಹಾರ ತಿನ್ನಲು ಕಲಿತವು. ಎಂಟು ವಾರವಾದಾಗ ಮೊದಲ ಲಸಿಕೆ ಹಾಕಿಸಿ, ಎರಡು ಒಳ್ಳೆಯ ಮನೆ ನೋಡಿ ಕೊಟ್ಟೆವು. ರೇಬಿಸ್ ಲಸಿಕೆ ಮೂರು ತಿಂಗಳಿಗೆ ಹಾಕಿಸಬೇಕೆಂದು ಹೇಳಿಯೇ ಕೊಟ್ಟೆವು. ಕೊಡುವ ದಿನ ಮನೆಯವಳು ಅತ್ತಳು, ಅದು ಬೇರೆ ಮಾತು.

ನಾವು ಹೇಳುವುದು ಇಷ್ಟೇ. ಎಲ್ಲರೂ ಬೆಕ್ಕು ಸಾಕಬೇಕೆಂದಿಲ್ಲ. ಆದರೆ ಅನಾಥ ಮರಿಗೆ ಒಂದು ಮನೆ ಸಿಗುವವರೆಗೆ ಆರು ವಾರ ರಟ್ಟಿನ ಪೆಟ್ಟಿಗೆಯಷ್ಟು ಜಾಗ ಕೊಡಲು ನಮ್ಮಲ್ಲಿ ಹೆಚ್ಚಿನವರಿಗೆ ಸಾಧ್ಯ ಉಂಟು.

"ನಮಾಝಿಗೆ ತೊಂದರೆಯಲ್ವಾ ಉಸ್ತಾದ್?" ಎಂದು ಕೇಳುವವರಿದ್ದಾರೆ. ಬೆಕ್ಕು ನಜಸ್ ಅಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಅಬೂ ಖತಾದ(ರ)ರು ತಮ್ಮ ವುಝೂವಿನ ಪಾತ್ರೆಯನ್ನೇ ಬೆಕ್ಕಿಗೆ ಬಾಗಿಸಿ ನೀರು ಕುಡಿಸಿದವರು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಉದುರಿದ ಕೂದಲಿನ ವಿಷಯದಲ್ಲಿ ಜಾಗ್ರತೆ ಬೇಕು ಎಂಬುದು ಸರಿ, ಆದರೆ ಸ್ವಲ್ಪ ಕೂದಲಿಗೆ ವಿನಾಯಿತಿ ಉಂಟು. ನಮಾಝಿನ ಬಟ್ಟೆ, ಮುಸಲ್ಲ ಬೇರೆ ಇಟ್ಟರೆ ಮುಗಿಯಿತು.

ನಾಯಿಯ ಹುಕುಂ ಬೇರೆ. ಅದು ತಾಗಿದ ಒದ್ದೆ ಜಾಗವನ್ನು ಏಳು ಸಲ, ಒಂದು ಸಲ ಮಣ್ಣು ಸೇರಿಸಿ ತೊಳೆಯಬೇಕು. ಹಾಗಂತ ಕಲ್ಲು ಹೊಡೆಯಲಿಕ್ಕೆ ಅನುಮತಿ ಇಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಪಾಪ ಮನ್ನಿಸಲಾಯಿತು ಎಂಬುದನ್ನೂ ನಾವೇ ಓದಿಸುತ್ತೇವಲ್ಲ! ಗಾಯಗೊಂಡ ನಾಯಿಮರಿಗೆ ಅಂಗಳದ ಆಚೆ ನೆರಳು, ನೀರು ಕೊಟ್ಟು ಪಶು ಆಸ್ಪತ್ರೆಗೆ ತಿಳಿಸಬಹುದು.

ಮಕ್ಕಳಿರುವ ಮನೆಯಲ್ಲಿ ಒಂದು ಎಚ್ಚರ: ಬೆಕ್ಕು, ನಾಯಿ ಯಾವುದೇ ಕಚ್ಚಿದರೂ ಪರಚಿದರೂ 15 ನಿಮಿಷ ಸಾಬೂನು ಹಾಕಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಣ್ಣ ಗಾಯವೆಂದು ಬಿಡಬಾರದು.

ಇನ್ನು ಗೋಣಿಯಲ್ಲಿ ಕಟ್ಟಿ ಬಿಸಾಡುವವರಿಗೆ ಒಂದು ಮಾತು. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಕಣ್ಣು ತಪ್ಪಿಸಬಹುದು, ಅಲ್ಲಾಹನ ಲೆಕ್ಕ ತಪ್ಪುವುದಿಲ್ಲ.

ಈ ಸಲವೂ ಮಳೆ ಬರುತ್ತದೆ, ಮಕ್ಕಳು ಮತ್ತೆ ಒಂದು ಮರಿ ಎತ್ತಿಕೊಂಡು ನಿಮ್ಮ ಬಾಗಿಲಿಗೂ ಬರಬಹುದು. ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಆ ಸತ್ತ ಮರಿಯ ಲೆಕ್ಕವನ್ನು ಅಲ್ಲಾಹು ನಮಗೆ ಮನ್ನಿಸಲಿ.